ಸೆರಗಿನ ಗಂಟು

“ಕಾಲು ಮಡಚ್ರೆವ್ವಾ ಲಗೂನ! ಬಿಗದ ಮ್ಯಾಲ ಕೂಡಸಾಕ ಬರಂಗಿಲ್ಲ.”

ಓಣಿಯ ಭಾಗಮ್ಮ ಶಾರದಾಬಾಯಿಯ ಎಡ ಮೊಣಕಾಲನ್ನು ಎರಡೂ ಕೈಯಿಂದ ಹಿಡಿದು ಒತ್ತುತ್ತಿದ್ದಳು. ಬಲಗಾಲು ಅತ್ತೆ ಗುರಮ್ಮನ ಮಡಿಲಲ್ಲಿತ್ತು. ಲಿಂಗವಂತರ ಮನೆಯ ಹೆಣ ಮಲಗಿ ಹೋಗುವುದಿಲ್ಲ. ಕಾಲು ಮಡಚಿ, ಅಂಗೈಯಲ್ಲಿ ಲಿಂಗ ಹಿಡಿದು, ಕೂತೇ ಮಣ್ಣಿಗೆ ಇಳಿಯಬೇಕು. ಹೆಂಗಸರೆಲ್ಲ ಸೇರಿ ಅವಳನ್ನು ಪಡಸಾಲೆಯ ಗೋಡೆಗೆ ಒರಗಿಸಿದರು, ಹಣೆಗೆ ಬಟ್ಟೆ ಸುತ್ತಿ ಗೂಟಕ್ಕೆ ಬಿಗಿದರು. ಇದೇ ಗೋಡೆ. ಮಲಗಿದರೆ ಉಸಿರು ಕಟ್ಟುತ್ತದೆಂದು ಅವಳು ಎಷ್ಟೋ ರಾತ್ರಿ ಇದಕ್ಕೇ ಒರಗಿ ಕೂತು ಬೆಳಗು ಮಾಡಿದ್ದಳು. ಪಾಪ, ಸತ್ತ ಮೇಲೂ ಬೆನ್ನು ನೆಲಕ್ಕೆ ತಾಗುವ ಸುಖ ಇಲ್ಲ.

“ದವಾಖಾನಿಯವರೇ ತಿಂದ್ರು ನೋಡ್ರಿ ಈ ಹುಡಿಗಿನ,” ಎಂದಳು ಭಾಗಮ್ಮ ಬೆವರು ಒರೆಸಿಕೊಳ್ಳುತ್ತ. “ಎದ್ಯಾಗ ಫುಗ್ಗಾ ಉಬ್ಬಸ್ತಾರಂತ, ಫುಗ್ಗಾ! ಹುಡುಗೋರ ಆಟ ಏನದು?”

“ಹೈದ್ರಾಬಾದಕ ಹೋಗಬ್ಯಾಡ್ರಿ ಅಂತ ನಾ ಬಡಕೊಂಡೆ,” ಎಂದ ಬಾಗಿಲಲ್ಲಿ ನಿಂತಿದ್ದ ನೆರೆಮನೆಯ ಶಿವರಾಯ. ಅವನು ಬಡಕೊಂಡಿರಲಿಲ್ಲ. ಜೀವ ಹೋದ ಮೇಲೆ ಎಲ್ಲರೂ ಮೊದಲೇ ಹೇಳಿದವರಾಗುತ್ತಾರೆ.

ಗಂಡ ಜಗದೇವಪ್ಪ ಹೊರಗಿನ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. ಫುಗ್ಗಾ, ಆ ಬಲೂನು, ಅವಳನ್ನು ಕೊಂದಿಲ್ಲ ಎಂಬುದು ಈ ಮನೆಯಲ್ಲಿ ಇಬ್ಬರಿಗೆ ಗೊತ್ತಿತ್ತು. ಒಬ್ಬ ತಾನು, ಇನ್ನೊಬ್ಬಳು ಅವನ ತಾಯಿ ಗುರಮ್ಮ. ಇಬ್ಬರೂ ಬಾಯಿ ಬಿಡಲಿಲ್ಲ.

*

ಶಾರದಾಬಾಯಿ ಮಟಕಿ ಊರಿನ ಹೆಣ್ಣುಮಗಳು. ಸಣ್ಣವಳಿದ್ದಾಗ ಜ್ವರ ಬಂದು ಕೀಲುಗಳೆಲ್ಲ ಬಾತಿದ್ದವಂತೆ. ಬೇವಿನ ಕಷಾಯ ಕುಡಿಸಿದರು, ಜ್ವರ ಇಳಿಯಿತು, ಮನೆಯವರು ಮರೆತರು. ಅವಳ ಎದೆ ಮರೆಯಲಿಲ್ಲ. ಮದುವೆಯಾಗಿ ಆಳಂದಕ್ಕೆ ಬಂದ ಮೇಲೆ ಎರಡು ಕೊಡ ನೀರು ತಂದರೆ ಸಾಕು, ಬಾಗಿಲು ಹಿಡಿದು ನಿಲ್ಲುತ್ತಿದ್ದಳು. ಕೂತು ಮಾಡುವ ಕೆಲಸವೆಂದು ಕೌದಿ ಹೊಲಿಯಲು ಹಿಡಿದಳು. ಹಳೆಯ ಸೀರೆ, ಧೋತರ ಯಾರು ತಂದು ಕೊಟ್ಟರೂ ಇಲ್ಲವೆನ್ನಲಿಲ್ಲ. ಆ ಓಣಿಯಲ್ಲಿ ಚಳಿಗಾಲಕ್ಕೆ ಅವಳ ಕೌದಿ ಹೊದೆಯದ ಮನೆ ಇರಲಿಲ್ಲ. ಮಕ್ಕಳಾಗಲಿಲ್ಲ. ಬಸಿರಾದರೆ ಎದೆ ತಡೆಯಲಾರದೆಂದು ಡಾಕ್ಟರು ಹೇಳಿದ್ದನ್ನು ಅತ್ತೆಯೇ ನೆಂಟರ ಕಿವಿಯಿಂದ ಮುಚ್ಚಿಟ್ಟಿದ್ದಳು.

ಒಂದು ಸಂಜೆ ಬೇಳೆ ಮಿಲ್ಲಿನ ಕೆಲಸ ಮುಗಿಸಿ ಬಂದ ಗಂಡನ ಅಂಗೈಯನ್ನು ಶಾರದಾಬಾಯಿ ತನ್ನ ಎದೆಗೆ ಒತ್ತಿಕೊಂಡಿದ್ದಳು.

“ನಮ್ಮ ಓಣಿ ಭಜನಿ ಮಂದಿ ಆಗ್ಯಾದ ನೋಡ್ರಿ ನನ್ನ ಎದಿ. ತಾಳ ಒಂದ ಕಡಿ, ಡಗ್ಗಾ ಒಂದ ಕಡಿ.”

ಜಗದೇವಪ್ಪ ನಗಲು ಹೋದ. ಅಂಗೈಯ ಕೆಳಗೆ ಬಡಿತ ಓಡುತ್ತಿತ್ತು, ತಡೆಯುತ್ತಿತ್ತು, ಮತ್ತೆ ಮುಗ್ಗರಿಸಿ ಓಡುತ್ತಿತ್ತು. ಅವನ ನಗು ಅಲ್ಲಿಗೇ ನಿಂತಿತು.

ಹೈದರಾಬಾದಿನ ದೊಡ್ಡ ದವಾಖಾನೆಯಲ್ಲಿ ಎದೆ ಕೊಯ್ಯುವುದಿಲ್ಲ ಎಂದರು. ತೊಡೆಯ ಸಂದಿನ ರಕ್ತನಾಳದಲ್ಲಿ ಸಣ್ಣ ನಳಿಕೆ ತೂರಿಸಿ, ಹೃದಯದ ತನಕ ಒಯ್ದು, ಅದರ ತುದಿಯ ಬಲೂನು ಉಬ್ಬಿಸಿ ಒಳಗಿನ ಕಿರಿದಾದ ಬಾಗಿಲನ್ನು ಅಗಲ ಮಾಡುವುದು, ಅಷ್ಟೇ. ಅದೇ ಸಾಲಿನ ಪಕ್ಕದ ಹಾಸಿಗೆಯಲ್ಲಿ ಅಫಜಲಪುರದ ಕಡೆಯ ಹುಡುಗಿ ಮೆಹರಾಜಬೇಗಂ ಇದ್ದಳು. ಅವಳಿಗೂ ಇದೇ ರೋಗ, ಇದೇ ಬಲೂನು. ಅವಳ ತಾಯಿ ಸರ್ವರಬೇಗಂ ಮತ್ತು ಶಾರದಾಬಾಯಿ ಒಂದೇ ದಿನದಲ್ಲಿ ಹಳೆಯ ಗೆಳತಿಯರಂತೆ ಆಗಿಬಿಟ್ಟಿದ್ದರು. ಆಳಂದದಲ್ಲಿ ತನ್ನ ಓಣಿ ಯಾವುದೆಂದೂ ಶಾರದಾಬಾಯಿ ಹೇಳಿದ್ದಳು.

ಒಳಗೆ ಒಯ್ಯುವ ಹೊತ್ತಿಗೆ ನರ್ಸು ಬಂದು ಮೈಮೇಲಿನದೆಲ್ಲ ತೆಗೆಯಲು ಹೇಳಿದಳು. ಶಾರದಾಬಾಯಿ ಬಳೆ ತೆಗೆದಳು, ತಾಳಿ ತೆಗೆದಳು. ಕೊರಳಿನ ಲಿಂಗದ ದಾರಕ್ಕೆ ಬಂದಾಗ ಅವಳ ಕೈ ನಿಂತಿತು. ದೀಕ್ಷೆಯಾದ ದಿನದಿಂದ ಅದು ಮೈ ಬಿಟ್ಟಿರಲಿಲ್ಲ. ನರ್ಸಿಗೆ ಅವಸರ, ಜಗದೇವಪ್ಪ ಔಷಧಿ ತರಲು ಕೆಳಗೆ ಹೋಗಿದ್ದ.

“ನನ್ನ ಹಂತ್ಯಾಕ ಕೊಡು ಬಹೆನ್,” ಎಂದಿದ್ದಳು ಸರ್ವರಬೇಗಂ. “ಕೈ ತೊಳಕೊಂಡು ಬಂದೀನಿ. ನೆಲಕ್ಕ ಇಡಂಗಿಲ್ಲ, ನನ್ನ ಸೆರಗಿನ್ಯಾಗ ಕಟಗೊಂಡ ಕೂಡ್ತೇನಿ.”

ಬಲೂನು ಸರಿಯಾಗಿ ಉಬ್ಬಿತು, ಬಾಗಿಲು ಅಗಲವಾಯಿತು. ಶಾರದಾಬಾಯಿಯನ್ನು ಬೇರೆ ಕೋಣೆಯಲ್ಲಿಟ್ಟರು. ಇತ್ತ ಮೆಹರಾಜಳಿಗೆ ಮೈ ಬಿಸಿ ಬಂತೆಂದು ಜ್ವರ ಇಳಿದ ಮೇಲೆ ಬರಲು ಹೇಳಿ, ಆಗಿಂದಾಗಲೇ ಹಾಸಿಗೆ ಖಾಲಿ ಮಾಡಿಸಿದರು. ಜಗದೇವಪ್ಪ ಹೆಂಡತಿಯ ಮಾತು ಕೇಳಿ ಲಿಂಗ ತರಲು ಹೋದಾಗ ಆ ಹಾಸಿಗೆಯ ಮೇಲೆ ಬೇರೆ ಯಾರೋ ಮಲಗಿದ್ದರು. ಅಫಜಲಪುರದ ಕಡೆಯವರು ಎಂಬುದು ಬಿಟ್ಟು ಅವರ ಹಳ್ಳಿಯ ಹೆಸರು ಇವರಿಗೆ ಗೊತ್ತಿರಲಿಲ್ಲ.

ಬಿಡುಗಡೆಯ ದಿನ ಡಾಕ್ಟರು ಅವನೊಬ್ಬನನ್ನೇ ಕರೆದು ಬಿಡಿಸಿ ಹೇಳಿದರು. ಬಾಗಿಲೇನೋ ಸರಿಯಾಗಿದೆ, ಆದರೆ ಬಡಿತ ತಾಳ ತಪ್ಪುವುದು ನಿಲ್ಲುವುದಿಲ್ಲ. ಹಾಗೆ ತಪ್ಪುವ ಎದೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ, ಹೆಪ್ಪು ಮೆದುಳಿಗೆ ಏರಿದರೆ ಮುಗಿಯಿತು. ರಕ್ತ ತೆಳ್ಳಗಿಡುವ ಗುಳಿಗೆಯನ್ನು ಒಂದು ದಿನವೂ ಬಿಡಬಾರದು. ಜಗದೇವಪ್ಪ ಹೌದ್ರಿ, ಹೌದ್ರಿ ಎಂದು ತಲೆಯಾಡಿಸಿದ್ದ.

*

ಪಕ್ಕದ ಹಳ್ಳಿಯಿಂದ ಬಂದ ಅಯ್ಯನವರು ಹೆಣದ ಮುಂದೆ ಕೂತು ಚೀಲದಿಂದ ಹೊಸ ಲಿಂಗ ತೆಗೆದರು. ವಿಭೂತಿ ಹಚ್ಚಿದರು.

“ನಿಮ್ಮ ಮನಿ ಗುರುಗಳು ಇನ್ನಾ ಶ್ರೀಶೈಲದ ಹಾದ್ಯಾಗ ಅದಾರ,” ಎಂದರು. “ಚಿಂತಿಲ್ಲ. ಹಿಂಥಾ ಹೊತ್ತಿನ್ಯಾಗ ಯಾವ ಅಯ್ಯಾ ಕಟ್ಟಿದರೂ ನಡೀತದ.”

ಗುರಮ್ಮ ತಲೆ ಎತ್ತಿದಳು. “ಸತ್ತ ಮ್ಯಾಲ ಯಾರ ಕಟ್ಟಿದರೂ ನಡೀತದೇನ್ರಿ ಅಯ್ಯನೋರ? ಜೀವ ಇದ್ದಾಗ ನಡೀತಿದ್ದಿಲ್ಲೇನು?”

ಮುದುಕಿಗೆ ದುಃಖ ನೆತ್ತಿಗೇರಿದೆ ಎಂದುಕೊಂಡು ಅಯ್ಯನವರು ಹೊಸ ಲಿಂಗವನ್ನು ಹೆಣದ ಎಡ ಅಂಗೈಯಲ್ಲಿಟ್ಟರು.

*

ಊರಿಗೆ ಬಂದ ದಿನ ಶಾರದಾಬಾಯಿ ಮೆಟ್ಟಿಲು ಹತ್ತಿ ಒಳಗೆ ಬಂದು, ತಿರುಗಿ ನಿಂತು ನಕ್ಕಿದ್ದಳು. ಏದುಸಿರಿಲ್ಲ! ಆ ರಾತ್ರಿ ಕಾಲು ಚಾಚಿ ನೆಲಕ್ಕೆ ಬೆನ್ನು ಹಚ್ಚಿ ಮಲಗಿದಳು. ಗಂಡ ಎದ್ದೆದ್ದು ನೋಡಿದ, ಮಗುವಿನ ಹಾಗೆ ನಿದ್ದೆ. ಆದರೆ ಹೈದರಾಬಾದಿನಲ್ಲಿ ಗುಳಿಗೆಯನ್ನು ಡಾಕ್ಟರರ ಬೆದರಿಕೆಗೆ ನುಂಗಿದ್ದವಳು ತನ್ನ ಮನೆಯ ದೇವರ ಜಗುಲಿ ಕಂಡ ಮೇಲೆ ಬಾಯಿ ಮುಚ್ಚಿಬಿಟ್ಟಳು. ಲಿಂಗವಿಲ್ಲದ ಮೈ. ಪೂಜೆ ಇಲ್ಲದೆ ಬಾಯಿಗೆ ಏನೂ ಹೋಗಕೂಡದು. ಮನೆಯ ಗುರುಗಳು ಬಂದು ಹೊಸ ಲಿಂಗ ಕಟ್ಟುವ ತನಕ ತುಟಿ ಒದ್ದೆ ಮಾಡಿಕೊಳ್ಳುವಷ್ಟು ನೀರು, ಅಷ್ಟೇ. ಗುರುಗಳೋ, ಉಗಾದಿಗೆಂದು ಮಲ್ಲಯ್ಯನ ದರ್ಶನಕ್ಕೆ ಕಾಲ್ನಡಿಗೆಯಲ್ಲಿ ಹೋದವರು.

“ಗುಳಿಗಿ ಅನ್ನ ಅಲ್ಲ ನನ್ನವ್ವಾ, ನುಂಗು,” ಎಂದು ಗುರಮ್ಮ ಅಂಗೈಯಲ್ಲಿ ಹಿಡಿದು ಬೇಡಿದ್ದಳು.

“ಬಾಯಾಗ ಹೋದದ್ದೆಲ್ಲಾ ಪ್ರಸಾದ ಅಂತ ನೀವೇ ಕಲಿಸೀರಿ ಅತ್ತಿ. ಹೊಸದಾಗಿ ಬಂದಾಗ ಪೂಜಿ ಮಾಡಲಾರದ ಬೆಲ್ಲಾ ತಿಂದೆ ಅಂತ ಕೈಮ್ಯಾಲ ಹೊಡದಿದ್ರಿ, ಮರತ್ರೇನು?”

“ಹೊಡದಿದ್ದೆ. ನನ್ನ ಕೈ ಮುರೀಲಿ. ಈಗ ನುಂಗು.”

“ನನ್ನ ಕೈಲೇ ತಗದು ಕೊಟ್ಟೇನಿ ಅತ್ತಿ, ತಪ್ಪು ನಂದದ. ಗುರು ಅಪ್ಪೋರು ಇವತ್ತ ನಾಳಿ ಬರ್ತಾರ.”

ಬೇರೆ ಅಯ್ಯನವರನ್ನು ಕರೆತರುತ್ತೇನೆ ಎಂದ ಗಂಡನಿಗೆ, ಗುರುವನ್ನು ಬದಲಿ ಮಾಡಲು ಬರುತ್ತದೇನ್ರಿ ಎಂದು ಬಾಯಿ ಮುಚ್ಚಿಸಿದಳು. ಮುದುಕಿ ಅತ್ತು ಕರೆದು ಮಗನನ್ನು ಹಿಡಿದು ಅಲುಗಾಡಿಸಿದಾಗ ಜಗದೇವಪ್ಪ ಬೇಸತ್ತು ಅಂದಿದ್ದ: “ಆಪರೇಷನ್ನೇ ಆಗ್ಯಾದ ಬಿಡವ್ವಾ. ಗುಳಿಗಿ ಒಂದೆರಡ ದಿನ ತಡಾ ಆದರ ಏನಾಗ್ತದ?”

ಆಗುವುದು ಆಯಿತು. ಬಿಸಿಲಿಗೆ ಒಣಗಿದ ಮೈ, ಖಾಲಿ ಹೊಟ್ಟೆ. ಒಂದು ಮುಂಜಾನೆ ಸೂಜಿಗೆ ದಾರ ಪೋಣಿಸುತ್ತಿದ್ದವಳ ಬಲಗೈ ಜಾರಿ ತೊಡೆಯ ಮೇಲೆ ಬಿತ್ತು. ಬಾಯಿ ಸೊಟ್ಟಗಾಯಿತು. ಮಾತು ಹೋಯಿತು. ಮರುದಿನ ಹೊತ್ತು ಮುಳುಗುವ ಮುಂಚೆ ಎಲ್ಲ ಮುಗಿಯಿತು.

*

ರಾತ್ರಿ ಕಳೆದು ಮಧ್ಯಾಹ್ನವಾಗಿತ್ತು, ಹೆಣ ಎತ್ತಲು ಇನ್ನೇನು ಸಿದ್ಧವಾಗಿತ್ತು. ಓಣಿಯ ತುದಿಯಲ್ಲಿ ಬುರ್ಖಾದ ಹೆಂಗಸೊಬ್ಬಳು ತಲೆಯ ಮೇಲೆ ಟ್ರಂಕು ಹೊತ್ತು ಬರುತ್ತಿದ್ದಳು. ಹಿಂದೆ ಒಬ್ಬ ಹುಡುಗಿ ನಾಲ್ಕು ಹೆಜ್ಜೆಗೊಮ್ಮೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಜಗದೇವಪ್ಪ ನೋಡಿದೊಡನೆ ಗುರುತಿಸಿದ. ಸರ್ವರಬೇಗಂ ಮತ್ತು ಮೆಹರಾಜ.

ಸರ್ವರಬೇಗಂ ಗೋಡೆಗೆ ಒರಗಿ ಕೂತವಳನ್ನು ಕಂಡಳು. ಟ್ರಂಕು ಇಳಿಸಿದಳು. “ಯಾ ಅಲ್ಲಾ,” ಎಂದು ಅಲ್ಲೇ ಕುಸಿದು ಕೂತಳು. ಅಳು ನಿಂತ ಮೇಲೆ ಬುರ್ಖಾ ಸರಿಸಿ, ಒಳಗಿನ ಸೆರಗಿನ ತುದಿಯ ಗಂಟು ಬಿಚ್ಚಿ, ಬಿಳಿಯ ವಸ್ತ್ರದ ಪುಟ್ಟ ಕಟ್ಟನ್ನು ಎರಡೂ ಅಂಗೈಯಲ್ಲಿ ಮುಂದೆ ಹಿಡಿದಳು.

ಜನ ಮುಖ ಮುಖ ನೋಡಿಕೊಂಡರು. ಗುರಮ್ಮ ಯಾರನ್ನೂ ಕೇಳಲಿಲ್ಲ. ಎದ್ದು ಬಂದು ಲಿಂಗವನ್ನು ಕಣ್ಣಿಗೊತ್ತಿಕೊಂಡು, ನೀರು ಹಾಕಿ, ಹೊಸದನ್ನು ಸರಿಸಿ, ಸೊಸೆಯ ಎಡ ಅಂಗೈಯಲ್ಲಿ ಅವಳದನ್ನೇ ಇಟ್ಟಳು. ಅಯ್ಯನವರು ಹೊಸದನ್ನು ಚೀಲಕ್ಕೆ ಹಾಕಿಕೊಂಡರು.

“ಎದ್ಯಾಗ ಫುಗ್ಗಾ ಇಟ್ಟು ಕೊಂದ್ರು ನೋಡ್ರಿ, ಏನ್ ಹೇಳ್ಲಿ!” ಎಂದು ಭಾಗಮ್ಮ ಬಂದವರಿಗೆ ಸುದ್ದಿ ಮುಟ್ಟಿಸಿದಳು. ಊರ ಬಾಯಿಗೆ ಬೀಗ ಹಾಕುವವರು ಯಾರು? ಮೆಹರಾಜ ತನ್ನ ಎದೆಯ ಮೇಲೆ ಕೈಯಿಟ್ಟುಕೊಂಡಳು.

ಸರ್ವರಬೇಗಂ ಜಗದೇವಪ್ಪನನ್ನು ಗೋಡೆಯ ಮರೆಗೆ ಕರೆದಳು.

“ಅಣ್ಣಾ, ಖರೇ ಹೇಳ್ರಿ. ಇವತ್ತ ಹುಡಿಗಿನ ಹೈದ್ರಾಬಾದಕ ಕರಕೊಂಡು ಹೊಂಟೀನಿ. ಹೋಗೂ ಮುಂದ ಬಹೆನ್‌ನ ನೋಡಿ, ಆಕಿ ನಂಬಿ ಕೊಟ್ಟ ಅಮಾನತ್ ಕೊಟ್ಟು ಹೋಗ್ಬೇಕಂತ ಬಂದೆ. ಇಷ್ಟ ದಿನ ಇವಳ ಜ್ವರಾ ಇಳೀಲಿಲ್ಲ, ಬಿಟ್ಟು ಬರಾಕ ಆಗ್ಲಿಲ್ಲ. ಆ ಆಪರೇಷನ್‌ದಿಂದೇ ಹಿಂಗಾತೇನು?”

“ಇಲ್ಲಕ್ಕಾ. ಆಪರೇಷನ್ ಚೊಲೋ ಆಗಿತ್ತು.”

“ಮತ್ತ?”

ಜಗದೇವಪ್ಪ ಬಾಯಿ ತೆರೆದ. ಅಷ್ಟರಲ್ಲಿ ಅವಳೇ ಅವನ ಮುಖ ನೋಡುತ್ತ ಕೇಳಿದಳು:

“ಅದು ನನ್ನ ಹಂತ್ಯಾಕ ಉಳೀತಲ್ಲ, ಅದರಿಂದ ಆಕಿಗೇನೂ ತ್ರಾಸ ಆಗ್ಲಿಲ್ಲಲ್ಲ ಅಣ್ಣಾ? ಆ ಚಿಂತ್ಯಾಗ ನನಗ ನಿದ್ದಿ ಇಲ್ಲ.”

ಹೇಗೆ ಹೇಳಿಯಾನು? ನಿನ್ನ ಸೆರಗಿನಲ್ಲಿದ್ದದ್ದಕ್ಕಾಗಿಯೇ ಅವಳು ಬಾಯಿ ಮುಚ್ಚಿ ಸತ್ತಳು ಎನ್ನಬೇಕೆ? ನೆಲಕ್ಕೂ ಇಡದೆ ಕಾದುಕೊಂಡು ತಂದ ಈ ತಾಯಿಗೆ?

“ಏನೂ ಇಲ್ಲಕ್ಕಾ. ಹೊಸಾದು ಕಟ್ಟಿಸಿದ್ವಿ,” ಎಂದ.

“ಮತ್ತ್ಯಾಕ ಹೋದ್ಳು?”

“ಹಣೇಬರಹ.” ಆಮೇಲೆ ಅವಸರದಿಂದ ಸೇರಿಸಿದ, “ನೀವು ಹೋಗ್ರಿ. ಮಾಡಸ್ರಿ. ಹೆದರಬ್ಯಾಡ್ರಿ.”

ಸರ್ವರಬೇಗಂ ಗೋಡೆಗೆ ಒರಗಿ ಕೂತ ಶಾರದಾಬಾಯಿಯನ್ನು ನೋಡಿದಳು, ಅವನನ್ನು ನೋಡಿದಳು. “ಹೌದ್ರಿ ಅಣ್ಣಾ,” ಎಂದಳು. ಆ ಹೌದಿನಲ್ಲಿ ನಂಬಿಕೆ ಏನೂ ಇರಲಿಲ್ಲ. ಮಗಳ ಕೈ ಹಿಡಿದು, ಟ್ರಂಕು ಹೊತ್ತು, ಬಸ್‌ಸ್ಟ್ಯಾಂಡಿನ ಕಡೆಗೆ ನಡೆದಳು.

*

ಜಗದೇವಪ್ಪನ ಹೊಲ ಊರ ಹೊರಗೆ, ಅಫಜಲಪುರದ ರಸ್ತೆಯ ಪಕ್ಕದಲ್ಲೇ. ಕುಣಿಯೊಳಗೆ ಶಾರದಾಬಾಯಿಯನ್ನು ಕೂರಿಸಿ, ಸುತ್ತ ಉಪ್ಪು, ವಿಭೂತಿ, ಪತ್ರಿ ತುಂಬಿದರು. ಭಜನೆಯವರು ತಾಳ ಏರಿಸಿದರು. ಜಗದೇವಪ್ಪನಿಗೆ ಒಂದೇ ಚಿಂತೆ, ಅವರು ಹೆದರಿ ಆಪರೇಷನ್ ಬಿಟ್ಟುಬಿಟ್ಟರೆ? ಹೈದರಾಬಾದಿಗೆ ಹೋಗುವವರು ಮೊದಲು ಗುಲಬರ್ಗಾ ಬಸ್ಸು ಹಿಡಿಯಬೇಕು, ಅದು ಸಂಜೆಗೆ. ಅಲ್ಲಿಯ ತನಕ ಅವರು ಸ್ಟ್ಯಾಂಡಿನಲ್ಲೇ ಇರುತ್ತಾರೆ. ಓಡಿಹೋಗಿ ಎಲ್ಲವನ್ನೂ ಹೇಳಬೇಕು. ಅವಳು ಅತ್ತರೆ ಅಳಲಿ, ಜನ್ಮವಿಡೀ ಕೊರಗಿದರೆ ಕೊರಗಲಿ, ಆ ಹುಡುಗಿ ಬದುಕಬೇಕು.

“ಅಯ್ಯನೋರ, ಒಂದೀಟ ಸ್ಟ್ಯಾಂಡಿಗಿ ಹೋಗಿ ಬರ್ತೇನಿ.”

“ಮಣ್ಣು ಕೊಡಲಾರದ ಗಂಡ ಎಲ್ಲಿ ಹೋಗ್ತಾನಪಾ?” ಎಂದರು ಅಯ್ಯನವರು.

“ತಲಿ ನೆಟ್ಟಗಿಲ್ಲ ಅವಗ,” ಎಂದು ಶಿವರಾಯ ಅವನ ರಟ್ಟೆ ಹಿಡಿದ.

ಜಗದೇವಪ್ಪ ಬಗ್ಗಿ ಮಣ್ಣು ಹಿಡಿದ. ಅದೇ ಹೊತ್ತಿಗೆ ಊರ ಕಡೆಯಿಂದ ಬಸ್ಸು ಬಂತು. ಗುಲಬರ್ಗಾ ಬಸ್ಸು ಈ ರಸ್ತೆಗೆ ಬರುವುದಿಲ್ಲ, ಇದು ಅಫಜಲಪುರಕ್ಕೆ, ಮೆಹರಾಜಳ ಊರ ಕಡೆಗೆ ಹೋಗುವುದು. ಮಣ್ಣು ಮಾಡುತ್ತಿದ್ದುದನ್ನು ಕಂಡು ಡ್ರೈವರ ವೇಗ ಇಳಿಸಿದ. ಒಳಗಿದ್ದ ಕೆಲವರು ಹಣೆ ಮುಟ್ಟಿಕೊಂಡರು. ನಡುವಿನ ಕಿಟಕಿಯಲ್ಲಿ ಸರ್ವರಬೇಗಂ ಎರಡೂ ಅಂಗೈ ಎತ್ತಿ ದುವಾ ಮಾಡುತ್ತಿದ್ದಳು.

“ಅಕ್ಕಾ!” ಎಂದು ಜಗದೇವಪ್ಪ ಚೀರಿದ. ಭಜನೆಯ ಡಗ್ಗಾದಲ್ಲಿ ಅದು ಅವನ ಕಿವಿಗೇ ಕೇಳಲಿಲ್ಲ.

ಅವಳ ಪಕ್ಕದಲ್ಲಿ ಮೆಹರಾಜ ಕಿಟಕಿಯ ಸರಳು ಹಿಡಿದು, ತೆರೆದ ಬಾಯಿಂದ ಉಸಿರೆಳೆಯುತ್ತ, ಕುಣಿಯನ್ನೇ ನೋಡುತ್ತಿದ್ದಳು.