ಅಜ್ಜಿಯ ಪಾಲಿಗೆ ಬಂದ ಚೀಟಿ

ಆಸ್ಪತ್ರೆಯ ಕೆಲಸ ಬಿಟ್ಟು ಎಷ್ಟೋ ಕಾಲವಾಗಿದ್ದರೂ ಬೀದಿಯವರಿಗೆಲ್ಲ ಆಕೆ ಇನ್ನೂ ನರ್ಸಮ್ಮನೇ. ಆಕೆಗೆ ಜೀವವೆಂದರೆ ಎರಡೇ: ಒಂದು ಮೊಮ್ಮಗಳು, ಇನ್ನೊಂದು ಒಂದು ಹಳೆಯ ಅಮೆರಿಕನ್ ಕಾದಂಬರಿ. ಈಗ ಅವೆರಡಕ್ಕೂ ಎಣ್ಣೆ ಸೀಗೆಕಾಯಿ.

ಕಾದಂಬರಿಯಲ್ಲಿ ಬಿಳಿಯರದೊಂದು ದೊಡ್ಡ ಮನೆ. ಆ ಮನೆಯ ಮಕ್ಕಳನ್ನು ಎತ್ತಿ ಆಡಿಸಿ ಬೆಳೆಸಿದವಳು ಕಪ್ಪು ಅಡುಗೆಯವಳು. ಅವಳ ಕಥೆ ಓದುವಾಗಲೆಲ್ಲ ನರ್ಸಮ್ಮ ಅತ್ತುಬಿಡುತ್ತಿದ್ದಳು. ಮೊಮ್ಮಗಳೋ, ಅರ್ಧ ಓದಿ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದಳು.

"'ಬಣ್ಣ ಕಪ್ಪಾದರೂ ಮನಸ್ಸು ಬಿಳಿ' ಅಂತ ಬರ್ದಿದಾನಲ್ಲ ಅಜ್ಜಿ, ನನ್ನ ಬಗ್ಗೆ ಯಾರಾದ್ರೂ ಹಾಗಂದ್ರೆ ಸುಮ್ನಿರ್ತೀಯಾ?"

"ಹಳೇ ಕಾಲದ್ದು ಕಣೇ. ಒಳ್ಳೇ ಮನಸ್ಸಿಂದಾನೇ ಬರ್ದಿದಾನೆ."

ಅಷ್ಟೇ ಸಾಕಾಯಿತು. ಊಟವಾದ ಮೇಲೆ ಇಬ್ಬರೂ ಒಂದೇ ದಿಂಬಿಗೆ ಒರಗಿ ಓದುವುದು ನಿಂತೇ ಹೋಯಿತು. ಕೇಳಿದ್ದಕ್ಕೆಲ್ಲ ಹುಡುಗಿಯದು 'ಹೂಂ', ಇಲ್ಲವೇ 'ಉಹೂಂ'. ನರ್ಸಮ್ಮನಿಗೆ ಮನೆ ಬಿಕೋ ಎನ್ನುತ್ತಿತ್ತು. ಹಾಳಾದ್ದು, ಆ ದಿಂಬೂ ಈಗ ತೀರಾ ಅಗಲವಾಗಿ ಕಾಣುತ್ತಿತ್ತು.

ಅಷ್ಟರಲ್ಲಿ ಲೈಬ್ರರಿಯಲ್ಲಿ ಚರ್ಚೆ ಏರ್ಪಾಟಾಯಿತು. ಅದೇ ಕಾದಂಬರಿ, ಅದರಲ್ಲಿ ವರ್ಣಭೇದ ಇದೆಯೋ ಇಲ್ಲವೋ? ಇಬ್ಬರೂ ಹೆಸರು ಕೊಟ್ಟರು, ಒಬ್ಬರ ಬಾಯಿ ಇನ್ನೊಬ್ಬರು ಮುಚ್ಚಿಸಲೆಂದೇ. ಆದರೆ ಅಲ್ಲಿ ಯಾರದು ಯಾವ ಪಕ್ಷ ಎನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸುವ ಪದ್ಧತಿ. ಅಜ್ಜಿಗೆ 'ಇದೆ' ಬಂತು, ಮೊಮ್ಮಗಳಿಗೆ 'ಇಲ್ಲ'. ಇಬ್ಬರ ಮುಖವೂ ಇಂಗು ತಿಂದ ಮಂಗನಂತಾಯಿತು.

ನರ್ಸಮ್ಮ ಗೊಣಗುತ್ತಲೇ ಪೆನ್ಸಿಲ್ ಹಿಡಿದು ತಪ್ಪು ಹುಡುಕಲು ಕೂತಳು. ಅಳುವುದನ್ನು ಬದಿಗಿಟ್ಟು ಓದಿದ್ದು ಅದೇ ಮೊದಲು.

ಚರ್ಚೆಯ ದಿನ ಎದ್ದು ನಿಂತವಳೇ ಶುರುಮಾಡಿದಳು. "ಪುಸ್ತಕದ ಉದ್ದಕ್ಕೂ ಈ ಅಡುಗೆಯವಳು ಆ ಮನೆ ಮಕ್ಕಳಿಗೆ ಬಡಿಸ್ತಾಳೆ. ಇವಳಿಗೂ ಮಕ್ಕಳಿವೆ ಅಂತ ಒಂದೇ ಒಂದು ಸಾಲು ಬರುತ್ತೆ. ಆ ಮಕ್ಕಳಿಗೆ ಊಟ ಹಾಕಿದ್ದು ಯಾರು? ಬರ್ದೋನೂ ಕೇಳ್ಲಿಲ್ಲ, ಇಷ್ಟು ಸಲ ಓದಿ ಅತ್ತ ನಾನೂ ಕೇಳ್ಲಿಲ್ಲ. 'ಬಣ್ಣ ಕಪ್ಪಾದರೂ' ಅಂತೆ! ನನ್ನ ಮೊಮ್ಮಗಳಿಗೆ ಹಾಗಂದಿದ್ರೆ ಅವನ ಗ್ರಹಚಾರ ಬಿಡಿಸ್ತಿದ್ದೆ!"

ಸಭೆ ಚಪ್ಪಾಳೆ ತಟ್ಟಿತು. ಮೊಮ್ಮಗಳು ಕಣ್ಣೊರೆಸಿಕೊಂಡು ಎದ್ದಳು. "ಕೊನೇ ಕಡೆ ಅಡುಗೆಯವಳು ಬಾಗಿಲು ಹಾಕ್ಕೊಂಡು, ಯಜಮಾನಿ ನಡಿಗೇನ ಅಣಕಿಸಿ ಒಬ್ಬಳೇ ನಗ್ತಾಳೆ. ಅವಳ ಮನಸ್ಸಲ್ಲಿ ಏನಿದೆ ಅಂತ ಬರ್ದೋನಿಗೆ ಗೊತ್ತಿತ್ತು. ಅರ್ಧಕ್ಕೇ ಬಿಟ್ಟ ನಂಗೇ ಗೊತ್ತಿರ್ಲಿಲ್ಲ." ಸೊಂಟ ತಿರುಗಿಸಿ, ಮೂಗು ಮೇಲೆತ್ತಿ ಆ ನಡಿಗೆಯನ್ನು ನಡೆದೂ ತೋರಿಸಿದಳು. ಬಿದ್ದು ಬಿದ್ದು ನಕ್ಕವರಲ್ಲಿ ಎದುರು ಪಕ್ಷದ ನರ್ಸಮ್ಮನೇ ಮೊದಲಿಗಳು.

ಗೆದ್ದವರು ಯಾರೆಂದು ಕೇಳಲು ಇಬ್ಬರಿಗೂ ಪುರುಸೊತ್ತಿರಲಿಲ್ಲ. ದಾರಿಯುದ್ದಕ್ಕೂ ಜಗಳ.

"ಏನೇ ಹೇಳು, ಭೇದ ಇದೆ" ಎಂದಳು ಅಜ್ಜಿ.

"ಇದೆ. ಹಾಗಂತ ಇರೋದು ಅದೊಂದೇ ಅಲ್ಲ" ಎಂದಳು ಮೊಮ್ಮಗಳು.

ಮನೆಯಲ್ಲಿ ಮಗ, ಸೊಸೆ ಊಟಕ್ಕೆ ಕಾಯುತ್ತಿದ್ದರು. ನರ್ಸಮ್ಮ ಎಂದಿನಂತೆ ಸೌಟಿಗೆ ಕೈ ಹಾಕಿದಳು. ಮೊಮ್ಮಗಳು ಅದನ್ನು ಕಸಿದುಕೊಂಡಳು.

"ದಿನಾ ಎಲ್ಲರಿಗೂ ಬಡಿಸಿ ಕೊನೇಲಿ ತಿಂತೀಯ. ನಿಂಗೆ ಊಟ ಹಾಕೋದು ಯಾರು? ಕೂತ್ಕೋ."

ತನ್ನ ಮಾತಿಗೆ ತಾನೇ ಸಿಕ್ಕಿಬಿದ್ದ ನರ್ಸಮ್ಮ ತೆಪ್ಪಗೆ ಕೂತಳು. ಹೊಟ್ಟೆಗಿಂತ ಮೊದಲು ಮನಸ್ಸು ತುಂಬಿತು. ಊಟವಾದ ಮೇಲೆ ದಿಂಬು ಇಬ್ಬರಿಗೂ ಸಾಲದೆ ಮತ್ತೆ ಕಿತ್ತಾಟ ಶುರುವಾಯಿತು.