ಇನ್ನೂರ ಹನ್ನೆರಡನೇ ಪುಟದ ದೆವ್ವ

ನನಗೆ ಮೂಗಿನ ತುದಿಯಲ್ಲೇ ಕೋಪ. ಅಮೆರಿಕದ ಭಯಾನಕ ಕಾದಂಬರಿಗಳ ಮೇಲೆ ಸಂಶೋಧನೆಗೆ ಇಳಿದದ್ದೂ ಆ ಕೋಪದಿಂದಲೇ. ಕಾಲೇಜಿನ ಉಪನ್ಯಾಸಕರ ಕೋಣೆಯಲ್ಲಿ ಒಬ್ಬರು, "ದೆವ್ವದ ಕಥೆ ಎಲ್ಲಾದ್ರೂ ಸಾಹಿತ್ಯ ಆಗುತ್ತಾ?" ಎಂದು ನಕ್ಕರು. ನಾನು ಎದ್ದು ನಿಂತು, "ಆಗುತ್ತೆ. ಅದರ ಮೇಲೇ ಡಾಕ್ಟರೇಟ್ ಮಾಡಿ ತೋರಿಸ್ತೀನಿ" ಎಂದುಬಿಟ್ಟೆ. ಇಡೀ ಕೋಣೆ ಕೇಳಿಸಿಕೊಂಡಿತ್ತು. ಇನ್ನು ಹಿಂದೆ ಸರಿದರೆ ಮುಖ ಎಲ್ಲಿಡುವುದು?

ಒಂದೇ ತೊಂದರೆ. ನಾನು ಶುದ್ಧ ಪುಕ್ಕಲಿ. ಜಿರಲೆ ಮೀಸೆ ಅಲ್ಲಾಡಿಸಿದರೂ ಕುರ್ಚಿ ಹತ್ತುವವಳು. ಮೊದಲ ಕಾದಂಬರಿಯ ಮೂವತ್ತು ಪುಟ ಓದಿ, ಬಚ್ಚಲಿಗೆ ಹೋಗಲು ಅಮ್ಮನನ್ನು ಜೊತೆಗೆ ಕರೆದೆ. ಆಗ ನನಗೆ ಮೂವತ್ತಮೂರು ವರ್ಷ.

ಅಮ್ಮನದು ಬಟ್ಟೆ ಒಗೆದು ಕೊಡುವ ಅಂಗಡಿ. ನಮ್ಮ ಮನೆ ಅದರ ಮೇಲಿನ ಮಹಡಿ. ಕೆಳಗೆ ಆರು ಯಂತ್ರ, ಒಂದು ಉದ್ದನೆಯ ಬೆಂಚು, ಗೋಡೆಯಿಂದ ಗೋಡೆಗೆ ಹಗ್ಗ, ಬಕೆಟ್ ತುಂಬ ಕ್ಲಿಪ್ಪು. ಅಮ್ಮ ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ. ಗಿರಾಕಿಗಳು ಬೆಂಚಿನ ಮೇಲೆ ಮರೆತುಹೋದ ಇಂಗ್ಲಿಷ್ ಕಾದಂಬರಿಗಳನ್ನು ಓದಿ ಓದಿಯೇ ಪಳಗಿದವಳು.

"ಇಲ್ಲಿ ಕೊಡು" ಎಂದಳು. "ಮೊದಲು ನಾನು ಓದ್ತೀನಿ. ನಿನ್ನ ಕೈಲಿ ಆಗದೇ ಇರೋ ಪುಟಗಳಿಗೆ ಕ್ಲಿಪ್ ಹಾಕಿ ಕೊಡ್ತೀನಿ."

ಹೀಗೆ ಶುರುವಾಯಿತು ನಮ್ಮ ಸಂಶೋಧನೆ. ನಾಲ್ಕು ವರ್ಷ, ಹನ್ನೊಂದು ಕಾದಂಬರಿ. ಕ್ಲಿಪ್ ಹಾಕಿದ ಜಾಗದಲ್ಲಿ ಏನಿದೆ ಎಂದು ಕೇಳಿದರೆ ಅಮ್ಮನದು ಪ್ರತಿಸಲವೂ ಒಂದೇ ಉತ್ತರ: "ದೆವ್ವ ಬರುತ್ತೆ. ಬೇಡ ಬಿಡು." ನಾನು ಅದನ್ನು ಪುಟಸಂಖ್ಯೆ ಸಮೇತ ಭಕ್ತಿಯಿಂದ ಪ್ರಬಂಧಕ್ಕೆ ಬರೆದುಕೊಳ್ಳುತ್ತಿದ್ದೆ. ತೆರೆದ ಪುಟಗಳಲ್ಲೇನೂ ಕಡಿಮೆ ಹೆಣಗಳಿರಲಿಲ್ಲ. ಯಂತ್ರಗಳ ಗದ್ದಲದ ನಡುವೆ, ಹಾಡುಹಗಲಲ್ಲಿ, ಹಾಗೂ ಹೀಗೂ ಓದಿ ಮುಗಿಸಿದೆ. ಇವೇ ಹೀಗಿದ್ದರೆ ಕ್ಲಿಪ್ ಹಾಕಿದವು ಹೇಗಿರಬೇಡ ಎಂದು ಅತ್ತ ಕಣ್ಣು ಕೂಡ ಹಾಯಿಸಲಿಲ್ಲ.

ಪ್ರಬಂಧ ಚೆನ್ನಾಗಿಯೇ ಬಂತು. ಅಮೆರಿಕದ ಭಯಕ್ಕೆ ಪಾಳುಕೋಟೆ ಬೇಕಿಲ್ಲ, ಹೊಸದಾಗಿ ಬಣ್ಣ ಹೊಡೆದ ಮನೆ ಮತ್ತು ನಗುಮುಖದ ನೆರೆಯವರು ಸಾಕು ಎಂಬುದು ನನ್ನ ವಾದ. ಉಳಿದದ್ದು ಮೌಖಿಕ ಪರೀಕ್ಷೆ ಮಾತ್ರ. ಅದರಲ್ಲಿ ಬಿದ್ದರೆ ನಾಲ್ಕು ವರ್ಷ ನೀರುಪಾಲು, ಉಪನ್ಯಾಸಕರ ಕೋಣೆಯವರಿಗೆ ಹಬ್ಬ.

ಪರೀಕ್ಷೆಗೆ ಬಂದ ಹಿರಿಯ ಪ್ರೊಫೆಸರನ್ನು ವಿದ್ಯಾರ್ಥಿಗಳು ಬೆನ್ನ ಹಿಂದೆ 'ಕತ್ತರಿ' ಎನ್ನುತ್ತಾರೆ. ಬಿಳಿಗೂದಲ ಹೆಂಗಸು, ತಣ್ಣನೆಯ ದನಿ. ನನ್ನ ಪ್ರಬಂಧದ ತುಂಬ ಕೆಂಪು ಗುರುತು ಮಾಡಿದ್ದರು.

"ಮೊದಲ ಕಾದಂಬರಿಯ ಇನ್ನೂರ ಹನ್ನೆರಡನೇ ಪುಟದಲ್ಲಿ ದೆವ್ವ ಬರುತ್ತೆ ಅಂತ ಬರೆದಿದ್ದೀರಿ" ಎಂದರು. "ನಾನು ಮೂರು ಸಲ ಹುಡುಕಿದೆ. ನನಗೆ ಸಿಗಲಿಲ್ಲ. ಸ್ವಲ್ಪ ತೋರಿಸ್ತೀರಾ?"

ಚೀಲದಿಂದ ಪುಸ್ತಕ ತೆಗೆದೆ. ಹಸಿರು ಕ್ಲಿಪ್ಪು ಇನ್ನೂ ಅಲ್ಲೇ ಕಚ್ಚಿಕೊಂಡು ಕೂತಿತ್ತು.

"ಇದೇನು?"

ಸುಳ್ಳು ಹೇಳಲು ಬಾಯಿ ತೆರೆದೆ, ಒಂದೂ ಹೊಳೆಯಲಿಲ್ಲ. ಇದ್ದದ್ದು ಇದ್ದಂತೆ ಹೇಳಿಬಿಟ್ಟೆ. ನನ್ನ ಮಾರ್ಗದರ್ಶಕರು ತಲೆಯ ಮೇಲೆ ಕೈಹೊತ್ತರು. ಕತ್ತರಿ ಮಾತ್ರ ಶಾಂತವಾಗಿ, "ತೆಗೀರಿ. ಜೋರಾಗಿ ಓದಿ" ಎಂದರು.

ಓದಿದೆ. ದೆವ್ವ ಇರಲಿಲ್ಲ. ರಕ್ತದ ಹನಿಯೂ ಇರಲಿಲ್ಲ. ತಾಯಿಯೊಡನೆ ಜಗಳವಾಡಿದ ಮಗಳೊಬ್ಬಳು ಬಾಗಿಲು ದಢಾರೆಂದು ಹಾಕಿಕೊಂಡು ಹೊರಗೆ ಹೋಗುತ್ತಾಳೆ. ತಾಯಿ ಅವಳ ತಟ್ಟೆಯನ್ನು ಮುಚ್ಚಿಟ್ಟು ಬಾಗಿಲು ನೋಡುತ್ತಾ ಕೂರುತ್ತಾಳೆ. ಮೂರು ಪುಟ ಬರೀ ಕೂತೇ ಇರುತ್ತಾಳೆ. ಮಗಳು ಬರುವುದಿಲ್ಲ.

ಪರೀಕ್ಷೆ ಮರೆತೇಹೋಯಿತು. ಚೀಲದಲ್ಲಿದ್ದ ಉಳಿದ ಪುಸ್ತಕಗಳನ್ನೂ ಮೇಜಿನ ಮೇಲೆ ಸುರಿದು ಕ್ಲಿಪ್ಪುಗಳನ್ನು ಒಂದೊಂದಾಗಿ ಕಿತ್ತೆ. ಒಂದರಲ್ಲಿ ಮಗ ಕಾಡಿಗೆ ಹೋದವನು ಮರಳುವುದಿಲ್ಲ. ಇನ್ನೊಂದರಲ್ಲಿ ಹುಡುಗಿ ಕೆರೆಯತ್ತ ಹೋಗಿರುತ್ತಾಳೆ. ಎಲ್ಲದರಲ್ಲೂ ಯಾರೋ ಒಬ್ಬರು ಮನೆಯಲ್ಲಿ ಕಾಯುತ್ತಿದ್ದರು.

ಹತ್ತೊಂಬತ್ತರ ವಯಸ್ಸಿನಲ್ಲಿ ನಾನೂ ಒಮ್ಮೆ ಹಾಗೇ ಬಾಗಿಲು ಬಡಿದು ಹೋಗಿದ್ದೆ. ಗೆಳತಿಯ ಮನೆಯಲ್ಲಿ ಆರಾಮವಾಗಿ ಮಲಗಿ ಮಾರನೇ ದಿನ ಮಧ್ಯಾಹ್ನ ಬಂದೆ. ಅಮ್ಮ ಊಟ ಬಡಿಸಿದಳು. ನಾನು ಅದನ್ನು ಮರೆತೇಬಿಟ್ಟಿದ್ದೆ.

"ಮೇಡಂ, ಇಲ್ಲಿ ದೆವ್ವ ಇದೆ" ಎಂದೆ. "ನಿಮಗೆ ಕಾಣಲಿಲ್ಲ, ನನಗೂ ಕಾಣ್ತಿರಲಿಲ್ಲ. ಅಮ್ಮನಿಗೆ ಕಾಣಿಸ್ತು. ಭಯ ಪುಸ್ತಕದಲ್ಲಿ ಅರ್ಧ ಮಾತ್ರ ಇರುತ್ತೆ. ಉಳಿದರ್ಧ ಓದೋರು ತರ್ತಾರೆ. ನಾನು ಬರೀಬೇಕಾಗಿದ್ದ ಅಧ್ಯಾಯ ಇದು. ಬರೀಲಿಲ್ಲ."

ಕತ್ತರಿ ಕನ್ನಡಕ ತೆಗೆದು ಒರೆಸಿಕೊಂಡರು. "ಒಂದು ತಿಂಗಳು ಕೊಡ್ತೀನಿ. ಬರೆದು ತನ್ನಿ. ಆಮೇಲೆ ಸಹಿ" ಎಂದರು. ಬಾಗಿಲ ತನಕ ಬಂದು ಮೆಲ್ಲಗೆ, "ನಿಮ್ಮ ತಾಯಿ ಹೆಸರು ಕೃತಜ್ಞತೆಗಳಲ್ಲಿಲ್ಲ. ಅದನ್ನೂ ಸರಿಮಾಡಿ" ಎಂದರು.

ಅಂಗಡಿಗೆ ಬಂದಾಗ ಅಮ್ಮ ಒದ್ದೆ ಅಂಗಿಗಳನ್ನು ಹಗ್ಗಕ್ಕೆ ಹಾಕುತ್ತಿದ್ದಳು. ಕ್ಲಿಪ್ಪುಗಳನ್ನೆಲ್ಲ ಅವಳ ಮುಂದೆ ಸುರಿದೆ.

"ಸುಳ್ಳಿ! ಎಲ್ಲಮ್ಮಾ ದೆವ್ವ?"

ಅಮ್ಮ ಅಂಗಿ ಕೊಡವುತ್ತಲೇ ಇದ್ದಳು. "ಅದನ್ನ ಓದೋಕೆ ನನ್ನ ಕೈಲೇ ಆಗ್ಲಿಲ್ಲ ಕಣೇ. ನಿನಗೆ ಹೇಗೆ ಕೊಡ್ಲಿ?"

ನಾನು ಅವಳನ್ನು ಅಪ್ಪಿಕೊಂಡೆ. ಇಬ್ಬರ ಬಟ್ಟೆಯೂ ಒದ್ದೆಯಾಯಿತು. "ಬಿಡೇ, ಗಿರಾಕಿ ಅಂಗಿ" ಎಂದು ಬೈದಳು, ಬಿಡಿಸಿಕೊಳ್ಳಲಿಲ್ಲ.

ಅಧ್ಯಾಯ ಬರೆದೆ, ಸಹಿ ಬಿತ್ತು. ಉಪನ್ಯಾಸಕರ ಕೋಣೆಗೆ ನಾನೇ ಸಿಹಿ ಹಂಚಿದೆ, ನಕ್ಕವರಿಗೆ ಎರಡು. ಈಗಲೂ ಹೊಸ ಭಯಾನಕ ಕಾದಂಬರಿ ಬಂದರೆ ತರಿಸುತ್ತೇನೆ. ಆದರೆ ಮೊದಲು ಓದುವವಳು ನಾನು, ಗಡಗಡ ನಡುಗುತ್ತಲೇ.

ಮೊನ್ನೆ ಅಮ್ಮ ಬೆಂಚಿನ ಮೇಲೆ ಕೂತು ಓದುತ್ತಿದ್ದವಳು ಅರ್ಧಕ್ಕೆ ನಿಲ್ಲಿಸಿ, ಹಸಿರು ಕ್ಲಿಪ್ಪನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ಇಲ್ಲೇನಿದೆಯೇ?"

"ದೆವ್ವ ಬರುತ್ತೆ ಅಮ್ಮ" ಎಂದೆ. "ಬೇಡ ಬಿಡು."