ಎರವಲು ಕೊಟ್ಟ ತಟ್ಟೆಗಳು

ರೋಗಾಣು ಕೊಲ್ಲುವ ಬಣ್ಣದ ಡಬ್ಬಕ್ಕೆ ನಾಲ್ಕು ಸಾವಿರದ ಎಂಟುನೂರು. ಬಳಿದವನ ಕೂಲಿ ಸಾವಿರದ ಆರುನೂರು. ಕೊಳ್ಳೇಗಾಲದ ಅಂಗಡಿಯಿಂದ ಯಳಂದೂರಿನ ಪಕ್ಕದ ಊರಿಗೆ ತಂದ ಆಟೋ ಬಾಡಿಗೆ ಬೇರೆ. ಅದೇ ರೇಷ್ಮೆಹುಳದ ಮನೆಗೆ ಒಂದು ಬೆಳೆಗೆ ಬೇಕಾಗುವ ಬ್ಲೀಚಿಂಗ್ ಪೌಡರು, ಸುಣ್ಣ ಎರಡೂ ಸೇರಿ ಆರುನೂರು ದಾಟುತ್ತಿರಲಿಲ್ಲ.

ಹಾಗೆಂದು ಶಿವರತ್ನಮ್ಮ ಲೆಕ್ಕ ಬಾರದ ಹೆಂಗಸೇನಲ್ಲ. ಬ್ಲೀಚಿಂಗ್ ಅಂದರೆ ಪ್ರತಿ ಬೆಳೆಗೂ ಅದೇ ಪಾಡು. ಘಾಟಿಗೆ ಕಣ್ಣುರಿ, ಕಬ್ಬಿಣದ ಸ್ಟ್ಯಾಂಡಿಗೆ ತುಕ್ಕು. ಬಣ್ಣ ಒಮ್ಮೆ ಬಳಿದರೆ ಮೂರು ವರ್ಷ ನಿಶ್ಚಿಂತೆ. ಇದರಲ್ಲಿ ತಾಮ್ರ ಬೆರೆಸಿದೆ, ಇದರ ಮೇಲೆ ಬಿದ್ದ ವೈರಸ್ಸು ಎರಡು ಗಂಟೆಯೂ ಉಳಿಯುವುದಿಲ್ಲ ಎಂದು ಅಂಗಡಿಯವನು ಡಬ್ಬ ತೋರಿಸಿ ಓದಿದ್ದ. ಗೋಡೆ, ಸ್ಟ್ಯಾಂಡು ಆಗಿ ಮಿಕ್ಕ ಬಣ್ಣವನ್ನು ಆಕೆ ಹುಳ ಸಾಕುವ ಬಿದಿರಿನ ತಟ್ಟೆಗಳಿಗೂ ಬಳಿಸಿದಳು. ಹುಳಗಳು ಗೃಹಪ್ರವೇಶಕ್ಕೆ ಬಂದ ನೆಂಟರ ಹಾಗೆ ಕೂತಿವೆ ಎಂದು ಗಂಡ ಶಿವರುದ್ರಸ್ವಾಮಿ ನಗಾಡಿದ.

ರೇಷ್ಮೆ ಇಲಾಖೆಯ ಮಾಲಿನಿ ಊರಿಗೆ ಬಂದಾಗ ಗೋಡೆ ಮುಟ್ಟಿ ನೋಡಿದರು. ಬಣ್ಣ ಬಳಿಸಿದ್ದು ತಪ್ಪಲ್ಲ, ಅದನ್ನು ನಂಬಿ ಬ್ಲೀಚಿಂಗ್ ಬಿಡಬೇಡಿ ಎಂದರು.

"ಎರಡೂ ಮಾಡಾದಾದ್ರೆ ಇಷ್ಟು ದುಡ್ಡು ಯಾಕ್ ಸುರೀಬೇಕಾಗಿತ್ತು ಮೇಡಂ?" ಎಂದಳು ಶಿವರತ್ನಮ್ಮ. "ಕೊಡೆ ಇಡ್ಕಂಡವ್ರು ಗೋಣಿಕೊಪ್ಪೆನೂ ಹಾಕತಾರಾ?"

ಆ ಬೆಳೆ ಚೆನ್ನಾಗಿಯೇ ಬಂತು. ಕೊನೆಕೊನೆಗೆ ಕೆಳಗಿನ ಸಾಲಿನ ತಟ್ಟೆಗಳಲ್ಲಿ ಒಂದಷ್ಟು ಹುಳಗಳ ಮೈ ಊದಿ, ಚರ್ಮ ಒಡೆದು ಹಾಲಿನಂಥ ನೀರು ಸೋರಿತು. ಶಿವರತ್ನಮ್ಮ ಅವನ್ನು ಆರಿಸಿ ಗೊಬ್ಬರದ ಗುಂಡಿಗೆ ಎಸೆದಳು. ಗೂಡು ಮಾರಿದ ಮೇಲೆ ತಟ್ಟೆಗಳನ್ನು ಕಲ್ಲಿಗೆ ಬಡಿದು ಕಸ ಉದುರಿಸಿ ಗೋಡೆಗೆ ಒರಗಿಸಿದಳು. ಮಿಕ್ಕಿದ್ದನ್ನು ಬಣ್ಣ ನೋಡಿಕೊಳ್ಳುತ್ತದೆ ಎಂದುಕೊಂಡಳು.

ಆ ವಾರವೇ ಪದ್ಮಿನಿ ಬಂದಳು. ಶಿವರತ್ನಮ್ಮನ ಹಿಪ್ಪುನೇರಳೆ ತೋಟಕ್ಕೆ ಬಹಳ ವರ್ಷದಿಂದ ಕೂಲಿಗೆ ಬರುತ್ತಿದ್ದವಳು. ಈಗ ತನ್ನದೇ ಇಪ್ಪತ್ತು ಗುಂಟೆಯಲ್ಲಿ ಹಿಪ್ಪುನೇರಳೆ ಬೆಳೆಸಿ, ಮೊದಲ ಸಲ ಚಾಕಿ ಕೇಂದ್ರದಿಂದ ಮರಿಹುಳ ತರುವವಳಿದ್ದಳು. ಸೊಪ್ಪು ಇತ್ತು, ಕೈಯಲ್ಲಿ ಕೆಲಸವಿತ್ತು, ತಟ್ಟೆ ಇರಲಿಲ್ಲ. ಈ ಸೀಮೆಯಲ್ಲಿ ಹುಳ ಸಾಕುವವರು ತಟ್ಟೆ, ಗೂಡು ಕಟ್ಟಿಸುವ ಚಂದ್ರಿಕೆಗಳನ್ನು ಒಬ್ಬರಿಗೊಬ್ಬರು ಎರವಲು ಕೊಡುವುದು ಇದ್ದದ್ದೇ. ಇಲ್ಲ ಎನ್ನುವವರು ಕಡಿಮೆ.

"ಈ ಬೆಳೆ ಕೈಗ್ ಬಂದ್ರೆ ಇನ್ನು ಕೂಲಿಗೆ ಓಗಲ್ಲ ಅಕ್ಕ," ಎಂದಳು ಪದ್ಮಿನಿ. ತಟ್ಟೆ ತಲೆಗೆ ಏರಿಸಿಕೊಳ್ಳುವ ಮುಂಚೆ ಒಂದು ಮಾತು ಕೇಳಿದಳು. "ಔಸ್ತಿ ಒಡ್ದಿದ್ದೀರಾ?"

"ಆ ಬಣ್ಣವೇ ಔಸ್ತಿ ಕಣಮ್ಮಿ. ತಕಂಡೋಗು."

ಪದ್ಮಿನಿಯ ಹುಳಗಳು ಪೊರೆ ಬಿಡುವ ಮೂರನೆಯ ಜ್ವರ ದಾಟಿದವು, ನಾಲ್ಕನೆಯದೂ ದಾಟಿದವು. ಗೂಡು ಕಟ್ಟುವ ದಿನ ಹತ್ತಿರ ಬಂತು ಅನ್ನುವಾಗ ತಟ್ಟೆಯ ಅಂಚಿನಲ್ಲಿ ಹುಳಗಳು ಸುಮ್ಮನೆ ಅಲೆಯತೊಡಗಿದವು. ಮೈ ಹೊಳೆಯುತ್ತಿತ್ತು, ಗೆಣ್ಣು ಊದಿತ್ತು. ಮಾಲಿನಿ ಬಂದು ಒಂದು ಹುಳದ ಕಾಲು ಚಿವುಟಿದರು. ಹಾಲು ಬಂತು. ಹಾಲುತೊಂಡೆ ರೋಗ. ಪದ್ಮಿನಿಯೂ ಗಂಡ ದೇವರಾಜುವೂ ಗುಂಡಿ ತೋಡಿ, ಅಷ್ಟೂ ಹುಳವನ್ನು ಸುರಿದು ಸುಣ್ಣ ಹಾಕಿ ಮುಚ್ಚಿದರು. ಹೆಚ್ಚಿನವು ಇನ್ನೂ ಸೊಪ್ಪು ತಿನ್ನುತ್ತಲೇ ಇದ್ದವು.

ಮಾಲಿನಿ ಅಲ್ಲಿಂದ ನೇರ ಶಿವರತ್ನಮ್ಮನ ಮನೆಗೆ ಬಂದರು. ಪದ್ಮಿನಿಗೆ ಕೊಡದೆ ಉಳಿದಿದ್ದ ಒಂದು ತಟ್ಟೆ ತೆಗೆಸಿ, ಅದರ ಮೇಲೆ ಉಗುರಿನಿಂದ ಕೆರೆದರು. ಒಣಗಿದ ಪರೆ ಎದ್ದು ಬಂತು.

"ಇದು ಹುಳದ ಹಾಲು ಅಮ್ಮ, ಒಣಗಿ ಕೂತದೆ. ಬಣ್ಣದ ಪರೀಕ್ಷೆ ಮಾಡೋದು ತೊಳೆದ ಹಲಗೆ ಮೇಲೆ. ಇಲ್ಲಿ ಬಣ್ಣ ಮುಟ್ಟೋದು ಪರೆಯ ತಳಾನ ಮಾತ್ರ, ಹುಳ ಮುಟ್ಟೋದು ಮೇಲ್ಗಡೆನ. ಅದೂ ಈ ವೈರಸ್ಸು ಗಟ್ಟಿ ಹರಳಿನೊಳಗೆ ಅಡಗಿರ್ತದೆ. ತೊಳೀದ ಮನೇಲಿ ವರ್ಷಗಟ್ಟಲೆ ಬದುಕ್ತದೆ."

ಜನರ ಶೀತಜ್ವರದ ವೈರಸ್ಸು ಇಷ್ಟು ಗಟ್ಟಿಯಲ್ಲ, ಆದರೂ ಬಣ್ಣದಲ್ಲಿರುವ ತಾಮ್ರದ ಮೇಲೆ ಬಿದ್ದ ತಕ್ಷಣ ಅದೂ ಸಾಯುವುದಿಲ್ಲ, ಹೊತ್ತು ಹಿಡಿಯುತ್ತದೆ, ಜಿಡ್ಡು ಕೊಳೆ ಇದ್ದರೆ ಇನ್ನೂ ಹೆಚ್ಚು ಎಂದೂ ಹೇಳಿದರು. ಗೊಬ್ಬರದ ಗುಂಡಿಗೆ ಎಸೆದ ಹುಳಗಳು ಶಿವರತ್ನಮ್ಮನ ಕಣ್ಣ ಮುಂದೆ ಬಂದವು.

ನಾಲ್ಕಾರು ದಿನ ಕಳೆದು ಪದ್ಮಿನಿ ತಟ್ಟೆಗಳನ್ನು ಹೊತ್ತುಕೊಂಡು ಬಂದು ಜಗುಲಿಯ ಮೇಲಿಟ್ಟಳು. ಬ್ಲೀಚಿಂಗ್ ವಾಸನೆ ಹೊಡೆಯುತ್ತಿತ್ತು.

"ಮೇಡಂ ಏಳ್ದಂಗೆ ತೊಳ್ದು ಬಿಸ್ಲಲ್ಲಿ ಒಣಗ್ಸಿವ್ನಿ ಅಕ್ಕ. ನನ್ ಮನೆ ರೋಗ ನಿಮ್ ಹುಳಕ್ಕೆ ಬರಬಾರ್ದಲ್ಲ. ನನ್ನ ಕೈಗುಣ ಸರಿ ಇಲ್ವೇನೊ."

ಸುಮ್ಮನಿದ್ದುಬಿಡಬಹುದಿತ್ತು. ರೋಗ ಎಲ್ಲಿಂದ ಬಂತೆಂದು ಪದ್ಮಿನಿಗೆ ಯಾರೂ ಹೇಳಿರಲಿಲ್ಲ. ಶಿವರತ್ನಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ನಿನ್ ಕೈದಲ್ಲ ಕಣಮ್ಮಿ. ರೋಗ ನಮ್ ತಟ್ಟೇಲೇ ಇತ್ತು. ಹುಳದ ಮೈ ಒಡ್ದು ಹಾಲು ಸೋರಿದ್ದು ನನಗೆ ಗೊತ್ತಿತ್ತು."

ಪದ್ಮಿನಿ ತಟ್ಟೆಗಳ ಕಡೆ ನೋಡಿದಳು.

"ನಾನು ಕೇಳಿದ್ನಲ್ಲ ಅಕ್ಕ," ಅಂದಳು. ತಲೆಯ ಮೇಲಿನ ಸಿಂಬೆ ತೆಗೆದು, ಬಿಡಿಸಿ, ಹೆಗಲಿಗೆ ಹಾಕಿಕೊಂಡು ಹೊರಟಳು.

ಹೊಸ ತಟ್ಟೆ ಕೊಡಿಸುತ್ತೇನೆ, ಹುಳದ ಖರ್ಚೂ ನಮ್ಮದೇ ಎಂದು ಶಿವರತ್ನಮ್ಮ ಎರಡು ಸಲ ಹೇಳಿ ಕಳಿಸಿದಳು. ಬೇಡ ಎನ್ನುವ ಉತ್ತರವೇ ಬಂತು. ಶಿವರತ್ನಮ್ಮನ ಹುಳದ ಮನೆಯಲ್ಲಿ ಈಗ ಪ್ರತಿ ಬೆಳೆಗೂ ಬ್ಲೀಚಿಂಗ್ ನಡೆಯುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೊದಲು ಹೊಡೆಯುವವಳು ಶಿವರತ್ನಮ್ಮನೇ.

ಹುಳ ಸಾಕುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಬಣ್ಣವೋ ತಟ್ಟೆಗೆ ಹಾಸುವ ಹೊಸ ಹಾಳೆಯೋ, ರೋಗಾಣು ಕೊಲ್ಲುತ್ತದೆ ಎಂದು ಬರೆದದ್ದನ್ನು ಕೊಳ್ಳಿ, ಬೇಡ ಎನ್ನುವುದಿಲ್ಲ. ಅದನ್ನು ನಂಬಿ ತೊಳೆಯುವುದನ್ನು ಮಾತ್ರ ಬಿಡಬೇಡಿ. ರೋಗದ ಹುಳವನ್ನು ಗೊಬ್ಬರದ ಗುಂಡಿಗೆ ಹಾಕದೆ ಸುಡಿ, ಇಲ್ಲವೇ ಸುಣ್ಣ ಹಾಕಿ ಹೂಳಿ. ಹತ್ತು ಲೀಟರ್ ನೀರಿಗೆ ಇನ್ನೂರು ಗ್ರಾಂ ಬ್ಲೀಚಿಂಗ್ ಪೌಡರು, ಮೂವತ್ತು ಗ್ರಾಂ ಅರಳಿದ ಸುಣ್ಣ ಕಲಸಿ ಹೊಡೆಯಿರಿ. ಆಮೇಲೆ ಉಜ್ಜಿ ತೊಳೆಯಿರಿ, ಮತ್ತೊಮ್ಮೆ ಹೊಡೆದು ಬಿಸಿಲಿಗೆ ಒಣಗಿಸಿ. ಎರವಲು ಕೊಡುವ ಸಾಮಾನಿಗೆ ಇದನ್ನು ತಪ್ಪದೆ ಮಾಡಿ. ಯಾರಾದರೂ ಔಷಧಿ ಹೊಡೆದಿದ್ದೀರಾ ಎಂದು ಕೇಳಿದರೆ, ಮಾಡಿದ್ದನ್ನೇ ಹೇಳಿ.

ಶಿವರತ್ನಮ್ಮನ ಮನೆಯಲ್ಲಿ ಹಾಲುತೊಂಡೆ ಮತ್ತೆ ಬಂದಿಲ್ಲ. ಪದ್ಮಿನಿ ಮತ್ತೆ ಹುಳ ಇಟ್ಟಿಲ್ಲ. ಅವಳ ಇಪ್ಪತ್ತು ಗುಂಟೆಯ ಸೊಪ್ಪನ್ನು ಬೇರೆಯವರು ಕೊಯ್ದುಕೊಂಡು ಹೋಗುತ್ತಾರೆ, ಅವಳು ಬೇರೆ ಊರಿನ ಅರಿಶಿನದ ಹೊಲಕ್ಕೆ ಕೂಲಿಗೆ ಹೋಗುತ್ತಾಳೆ.